ಅಂದಿನ ಹಾಡು, ಇಂದಿನ ಹಾಡು

ಮೂರು ತಲೆಮಾರಿನವರು ಕೂಡಿ ಬಾಳುವ ಮನೆಯಲ್ಲಿ ಹಾಡಿನ ವಿಷಯಕ್ಕೆ ಒಮ್ಮತ ಮೂಡುವುದು ಅಪರೂಪ. ಅಜ್ಜನಿಗೆ ತಾನು ಬಾನುಲಿಯಲ್ಲಿ ಕೇಳಿ ಬೆಳೆದ ಚಿತ್ರಗೀತೆಗಳು ಪ್ರಿಯ. ಮಗನಿಗೆ ತನ್ನ ಕಾಲೇಜು ದಿನಗಳಲ್ಲಿ ಧ್ವನಿಸುರುಳಿಗಳ ಮೂಲಕ ಕಿವಿಗೆ ಬಿದ್ದ ಹಾಡುಗಳೇ ಹಾಡುಗಳು. ಮೊಮ್ಮಗಳು ಮೊಬೈಲಿನಲ್ಲಿ ಕೇಳುವುದು ಇವರಿಬ್ಬರಿಗೂ ಬರಿಯ ಗದ್ದಲವೆಂದು ತೋರುತ್ತದೆ. “ಈಗಿನ ಹಾಡುಗಳಲ್ಲಿ ಏನಿದೆ? ರಾಗವಿಲ್ಲ, ಅರ್ಥವಿಲ್ಲ” ಎಂಬ ಉದ್ಗಾರ ಅವರ ಬಾಯಿಂದ ಹೊರಡುತ್ತದೆ. ಅಜ್ಜನು ಬಾಲಕನಾಗಿದ್ದಾಗ ಅವನ ಹಿರಿಯರಿಂದ ಇದೇ ಮಾತನ್ನು ಕೇಳಿದ್ದನು ಎಂಬುದು ಮಾತ್ರ ಆಗ ಯಾರ ನೆನಪಿಗೂ ಬರುವುದಿಲ್ಲ. ಜನಪ್ರಿಯ ಸಂಗೀತದ ಗುಣಮಟ್ಟ ತಲೆಮಾರಿನಿಂದ ತಲೆಮಾರಿಗೆ ನಿಜವಾಗಿಯೂ ಇಳಿಯುತ್ತ ಬಂದಿದೆಯೇ? ಅಥವಾ ಇದು ವಯಸ್ಸಾದ ಕಿವಿಗಳ ದೂರು ಮಾತ್ರವೇ? ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಆದರೆ ವಿಚಾರಮಾಡಿ ನೋಡಿದರೆ ದೊರೆಯುವ ಉತ್ತರಗಳು ಕುತೂಹಲಕರವಾಗಿವೆ.

ಮೊದಲಿಗೆ, ಜನಪ್ರಿಯ ಸಂಗೀತವೆಂದರೇನು ಎಂಬುದನ್ನು ತಿಳಿಯಬೇಕು. ಶಾಸ್ತ್ರೀಯ ಸಂಗೀತವು ಗುರುವಿನಿಂದ ಶಿಷ್ಯನಿಗೆ ಕಟ್ಟುನಿಟ್ಟಿನ ಪಾಠದ ಮೂಲಕ ಹರಿದು ಬರುತ್ತದೆ. ಜಾನಪದ ಸಂಗೀತವು ಹೊಲ, ಮನೆ, ಜಾತ್ರೆಗಳಲ್ಲಿ ಬಾಯಿಂದ ಬಾಯಿಗೆ ಸಾಗುತ್ತದೆ. ಈ ಎರಡಕ್ಕಿಂತ ಭಿನ್ನವಾಗಿ, ಜನಪ್ರಿಯ ಸಂಗೀತವು ಬಹುಜನರು ಕೊಂಡು ಕೇಳಲೆಂದು ಸಿದ್ಧವಾಗುವ ಸಂಗೀತ. ಪಾಶ್ಚಾತ್ಯ ದೇಶಗಳಲ್ಲಿ ಇದನ್ನೇ ಪಾಪ್ ಸಂಗೀತವೆನ್ನುತ್ತಾರೆ. ಭಾರತದಲ್ಲಿ ಬಹುಕಾಲ ಚಿತ್ರಗೀತೆಯೇ ಆ ಸ್ಥಾನವನ್ನು ಪಡೆದಿತ್ತು. ಇಂತಹ ಸಂಗೀತದ ಬೆಳವಣಿಗೆಗೂ ಅದನ್ನು ಮುದ್ರಿಸಿ ಹಂಚುವ ಯಂತ್ರಗಳ ಬೆಳವಣಿಗೆಗೂ ಬಿಡಿಸಲಾಗದ ನಂಟಿದೆ.

ಸಂಗೀತ ಕೆಟ್ಟಿತೆಂಬ ದೂರು ಯಂತ್ರಗಳಿಗಿಂತ ಬಹಳ ಹಳೆಯದು. ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ಗ್ರೀಸಿನ ತತ್ವಜ್ಞಾನಿ ಪ್ಲೇಟೊ ‘ಲಾಸ್’ ಎಂಬ ತನ್ನ ಗ್ರಂಥದಲ್ಲಿ, ಕವಿಗಾಯಕರು ಬೇರೆ ಬೇರೆ ಬಗೆಯ ಗೀತಗಳನ್ನು ಕಲಬೆರಕೆ ಮಾಡಿದರೆಂದೂ, ಬಲ್ಲವರ ತೀರ್ಪನ್ನು ಬದಿಗೊತ್ತಿ ಪ್ರೇಕ್ಷಕರ ಗುಂಪೇ ಸಂಗೀತದ ತೀರ್ಪುಗಾರನಾಯಿತೆಂದೂ ಕಳವಳಪಟ್ಟಿದ್ದಾನೆ. 1816ರಲ್ಲಿ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆ ವಾಲ್ಟ್ಸ್ ಎಂಬ ನೃತ್ಯವನ್ನು ಅಸಭ್ಯವಾದ ಹೊರನಾಡಿನ ಪದ್ಧತಿಯೆಂದು ಖಂಡಿಸಿತು. ಇಂದು ಅದೇ ವಾಲ್ಟ್ಸ್ ಗಂಭೀರ ಸಭಾಂಗಣಗಳಲ್ಲಿ ಹಿರಿಯರು ಮೆಚ್ಚಿ ಆಲಿಸುವ ಸಂಗೀತ. 1932ರಲ್ಲಿ ಅಮೆರಿಕದ ಬಾಸ್ಟನ್ ನಗರದ ಧರ್ಮಾಧಿಕಾರಿಯೊಬ್ಬರು, ಮೈಕ್ರೊಫೋನಿನ ಮುಂದೆ ಮೆಲುದನಿಯಲ್ಲಿ ಹಾಡುವ ಹೊಸ ರೀತಿಯನ್ನು ಕೀಳೆಂದು ಜರೆದರು. 1964ರಲ್ಲಿ ‘ಬೀಟಲ್ಸ್’ ಎಂಬ ಇಂಗ್ಲಿಷ್ ತಂಡ ಅಮೆರಿಕಕ್ಕೆ ಹೋದಾಗ ಸುಮಾರು 7 ಕೋಟಿ 30 ಲಕ್ಷ ಜನ ದೂರದರ್ಶನದಲ್ಲಿ ಅವರ ಹಾಡನ್ನು ಕೇಳಿದರು. ಆದರೆ ಅಲ್ಲಿಯ ಹೆಸರಾಂತ ವಾರಪತ್ರಿಕೆಯೊಂದು ಅವರ ಸಂಗೀತವನ್ನು ಹೆಚ್ಚುಕಡಿಮೆ ಅನಾಹುತವೆಂದೇ ಬಗೆಯಿತು. ಇಂದು ವಿಶ್ವವಿದ್ಯಾಲಯಗಳಲ್ಲಿ ಬೀಟಲ್ಸ್ ತಂಡದ ಹಾಡುಗಳನ್ನು ಅಭ್ಯಾಸ ಮಾಡುತ್ತಾರೆ.

ಇಂತಹ ತೀರ್ಪು ಮನೆಯೊಳಗಿನ ಮಾತಾಗಿರುವಷ್ಟು ಕಾಲ ಅದರಿಂದ ದೊಡ್ಡ ಹಾನಿಯಿಲ್ಲ. ಅದಕ್ಕೆ ಅಧಿಕಾರ ದೊರೆತಾಗ ಏನಾಗುತ್ತದೆ ಎಂಬುದಕ್ಕೆ ಭಾರತದ ಇತಿಹಾಸದಲ್ಲಿಯೇ ಒಂದು ನಿದರ್ಶನವಿದೆ. 1952ರಲ್ಲಿ ಬಿ.ವಿ. ಕೇಸ್ಕರ್ ಅವರು ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದರು. ಅವರು ಶಾಸ್ತ್ರೀಯ ಸಂಗೀತದ ನಿಷ್ಠಾವಂತ ಅಭಿಮಾನಿಗಳು. ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಆರಂಭವಾದುದೂ, 1954ರಿಂದ ಆಕಾಶವಾಣಿಯ ಸಂಗೀತ ಸಮ್ಮೇಳನಗಳು ನಡೆಯತೊಡಗಿದುದೂ ಅವರ ಕಾಲದಲ್ಲಿಯೇ. ಅರಮನೆಗಳ ಆಶ್ರಯ ತಪ್ಪಿದ್ದ ಅನೇಕ ವಿದ್ವಾಂಸರಿಗೆ ಇದರಿಂದ ಆಸರೆ ದೊರೆಯಿತು. ಆದರೆ ಚಿತ್ರಗೀತೆಗಳು ಜನರ ಅಭಿರುಚಿಯನ್ನು ಕೆಡಿಸುತ್ತಿವೆ ಎಂಬುದು ಅವರ ದೃಢವಾದ ನಂಬಿಕೆಯಾಗಿತ್ತು. ಆಕಾಶವಾಣಿಯಲ್ಲಿ ಚಿತ್ರಗೀತೆಗಳನ್ನು ತೀವ್ರವಾಗಿ ಮೊಟಕುಗೊಳಿಸಲಾಯಿತು. ಕೆಲಕಾಲ ಅವು ಹೆಚ್ಚುಕಡಿಮೆ ಕೇಳದಂತೆಯೇ ಆದವು.

ಪರಿಣಾಮ ಅವರು ನಿರೀಕ್ಷಿಸಿದಂತೆ ಆಗಲಿಲ್ಲ. ಕೇಳುಗರು ಶಾಸ್ತ್ರೀಯ ಸಂಗೀತದತ್ತ ತಿರುಗುವುದರ ಬದಲು ರೇಡಿಯೋದ ಮುಳ್ಳನ್ನು ಕೊಲಂಬೋ ನಗರದ ‘ರೇಡಿಯೋ ಸಿಲೋನ್’ ಕಡೆಗೆ ತಿರುಗಿಸಿದರು. 1952ರ ಕೊನೆಯಲ್ಲಿ ಅಲ್ಲಿ ಆರಂಭವಾದ ‘ಬಿನಾಕಾ ಗೀತ್‌ಮಾಲಾ’ ಕಾರ್ಯಕ್ರಮದ ಅಮೀನ್ ಸಯಾನಿ ಅವರ ದನಿ ದೇಶದ ಮೂಲೆಮೂಲೆಗಳಲ್ಲಿ ಮನೆಮಾತಾಯಿತು. ಕೊನೆಗೆ 1957ರ ಅಕ್ಟೋಬರ್ 3ರಂದು ಆಕಾಶವಾಣಿಯೇ ‘ವಿವಿಧ ಭಾರತಿ’ಯನ್ನು ಆರಂಭಿಸಿ ಚಿತ್ರಗೀತೆಗಳಿಗೆ ಬಾಗಿಲು ತೆರೆಯಿತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ನೌಷಾದ್ ಅವರು ಹಿಂದುಸ್ತಾನಿ ರಾಗಗಳನ್ನು ಆಧರಿಸಿ ಹಾಡುಗಳನ್ನು ಸಂಯೋಜಿಸಿದ, ಉಸ್ತಾದ್ ಅಮೀರ್ ಖಾನ್ ಮತ್ತು ಡಿ.ವಿ. ಪಲುಸ್ಕರ್ ಅವರಂಥ ವಿದ್ವಾಂಸರು ಹಾಡಿದ ‘ಬೈಜು ಬಾವ್ರಾ’ ಚಿತ್ರ ತೆರೆಕಂಡುದೂ ಅದೇ 1952ರಲ್ಲಿ. ಇಂದಿನ ಹಿರಿಯರು ಚಿತ್ರಸಂಗೀತದ ಸುವರ್ಣಯುಗವೆಂದು ಕೊಂಡಾಡುವ ಕಾಲವೂ ಅದೇ. ಒಂದು ತಲೆಮಾರಿನ ಹಿರಿಯರು ಕಸವೆಂದದ್ದನ್ನು ಮುಂದಿನ ತಲೆಮಾರಿನ ಹಿರಿಯರು ಕನಕವೆನ್ನುತ್ತಿದ್ದಾರೆ.

ಹಳೆಯದು ಹೆಚ್ಚು ಚೆಲುವಾಗಿ ತೋರುವುದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ. ಮೊದಲನೆಯದು ಕಾಲದ ತೂರುವಿಕೆ. ರೈತನು ಕಣದಲ್ಲಿ ರಾಶಿಯನ್ನು ಗಾಳಿಗೆ ತೂರಿದಾಗ ಜೊಳ್ಳು ಹಾರಿಹೋಗಿ ಕಾಳು ಉಳಿಯುತ್ತದೆ. ಹಾಡುಗಳ ವಿಷಯದಲ್ಲಿ ಕಾಲವೂ ಹಾಗೆಯೇ ತೂರುತ್ತದೆ. ಐವತ್ತು ವರ್ಷಗಳ ಹಿಂದೆ ಬಂದ ಸಾವಿರಾರು ಹಾಡುಗಳಲ್ಲಿ ಇಂದು ಕೇಳಿಬರುವುವು ಬೆರಳೆಣಿಕೆಯವು. ಉಳಿದವು ಮರೆತುಹೋಗಿವೆ, ಮರೆತುಹೋದವು ಎಷ್ಟು ಸಪ್ಪೆಯಾಗಿದ್ದವು ಎಂಬುದೂ ಮರೆತುಹೋಗಿದೆ. 1967ರಲ್ಲಿ ಬೀಟಲ್ಸ್ ತಂಡದ ‘ಪೆನ್ನಿ ಲೇನ್’ ಮತ್ತು ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಎಂಬ ಎರಡು ಶ್ರೇಷ್ಠ ಹಾಡುಗಳಿದ್ದ ಧ್ವನಿಮುದ್ರಿಕೆ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನವನ್ನು ಪಡೆಯಲಿಲ್ಲ. ಆ ಸ್ಥಾನದಲ್ಲಿ ಎಂಗೆಲ್ಬರ್ಟ್ ಹಂಪರ್‌ಡಿಂಕ್ ಎಂಬ ಗಾಯಕನ ನಯವಾದ ಪ್ರೇಮಗೀತೆಯೊಂದು ಕುಳಿತಿತ್ತು. 1969ನೆಯ ವರ್ಷವನ್ನು ನೆನೆದರೆ ಲಕ್ಷಾಂತರ ಜನ ನೆರೆದ ವುಡ್‌ಸ್ಟಾಕ್ ಸಂಗೀತೋತ್ಸವ ಅನೇಕರ ಕಣ್ಮುಂದೆ ನಿಲ್ಲುತ್ತದೆ. ಆದರೆ ಅಮೆರಿಕದ ‘ಬಿಲ್‌ಬೋರ್ಡ್’ ಪತ್ರಿಕೆಯ ಪ್ರಕಾರ ಆ ವರ್ಷದ ಅಗ್ರಗಣ್ಯ ಹಾಡು ‘ಷುಗರ್, ಷುಗರ್’. ಮಕ್ಕಳ ವ್ಯಂಗ್ಯಚಿತ್ರಮಾಲೆಯ ಕಲ್ಪಿತ ಪಾತ್ರಗಳ ಹೆಸರಿನಲ್ಲಿ ಅದು ಹೊರಬಂದಿತ್ತು. ಹೀಗೆ ಹಿಂದಿನ ಕಾಲದಿಂದ ತೂರಿ ಉಳಿದ ಕಾಳನ್ನು ಮಾತ್ರ ಮುಂದಿಟ್ಟುಕೊಂಡು, ಅದನ್ನು ಇಂದಿನ ಕಾಲದ ಇನ್ನೂ ತೂರದ ರಾಶಿಯೊಡನೆ ಹೋಲಿಸಿದರೆ ಅದು ನ್ಯಾಯವಾದ ಹೋಲಿಕೆಯಾಗದು.

ಎರಡನೆಯ ಕಾರಣ ಕೇಳುಗನ ವಯಸ್ಸು. ಹರೆಯದಲ್ಲಿ ಮನಸ್ಸು ಹಸಿಯ ಮಣ್ಣಿನಂತಿರುತ್ತದೆ. ಆಗ ಬಿದ್ದ ಅಚ್ಚು ಬಹುಕಾಲ ಉಳಿಯುತ್ತದೆ. ಗೆಳೆತನ, ಪ್ರವಾಸ, ಪರೀಕ್ಷೆಯ ಆತಂಕ, ಮೊದಲ ಸಂಬಳ ಮುಂತಾದ ನೆನಪುಗಳೆಲ್ಲ ಆ ಕಾಲದ ಹಾಡುಗಳಿಗೆ ಅಂಟಿಕೊಳ್ಳುತ್ತವೆ. ಅಮೆರಿಕದ ಹಾಲ್‌ಬ್ರೂಕ್ ಮತ್ತು ಷಿಂಡ್ಲರ್ ಎಂಬ ಸಂಶೋಧಕರು ಬೇರೆ ಬೇರೆ ವಯಸ್ಸಿನ 108 ಮಂದಿಗೆ ಬೇರೆ ಬೇರೆ ಕಾಲದ 28 ಜನಪ್ರಿಯ ಹಾಡುಗಳ ತುಣುಕುಗಳನ್ನು ಕೇಳಿಸಿ ಅವರ ಮೆಚ್ಚುಗೆಯನ್ನು ಅಳೆದು 1989ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ತಮಗೆ ಸುಮಾರು 23-24 ವರ್ಷ ವಯಸ್ಸಾಗಿದ್ದ ಕಾಲದಲ್ಲಿ ಜನಪ್ರಿಯವಾಗಿದ್ದ ಹಾಡುಗಳನ್ನೇ ಜನರು ಹೆಚ್ಚಾಗಿ ಮೆಚ್ಚುತ್ತಾರೆಂದು ಅದರಿಂದ ತಿಳಿದುಬಂತು. ಆದುದರಿಂದ “ನಮ್ಮ ಕಾಲದ ಹಾಡುಗಳೇ ಚೆನ್ನ” ಎನ್ನುವವನು ಅನೇಕ ವೇಳೆ ಹಾಡಿನ ಗುಣವನ್ನಲ್ಲ, ತನ್ನ ಯೌವನವನ್ನು ಹೊಗಳುತ್ತಿರುತ್ತಾನೆ.

ಇಷ್ಟಕ್ಕೇ ಹಿರಿಯರ ದೂರಿನಲ್ಲಿ ಸತ್ಯವೇ ಇಲ್ಲವೆಂದು ತಳ್ಳಿಹಾಕುವುದೂ ಸರಿಯಲ್ಲ. ಗಣಕಯಂತ್ರದ ನೆರವಿನಿಂದ ಈಗ ಲಕ್ಷಾಂತರ ಹಾಡುಗಳನ್ನು ಅಳೆದು ನೋಡಲು ಸಾಧ್ಯವಾಗಿದೆ. 2012ರಲ್ಲಿ ಸ್ಪೇನ್ ದೇಶದ ಸಂಶೋಧಕರು 1955ರಿಂದ 2010ರವರೆಗಿನ 4,64,411 ಧ್ವನಿಮುದ್ರಣಗಳನ್ನು ಪರಿಶೀಲಿಸಿದರು. ಒಂದು ಸ್ವರಗುಚ್ಛದಿಂದ ಮತ್ತೊಂದಕ್ಕೆ ಸಾಗುವ ಹಾದಿಗಳ ವೈವಿಧ್ಯ ಕುಗ್ಗಿದೆ, ವಾದ್ಯಗಳ ನಾದಗುಣ ಹೆಚ್ಚು ಏಕರೂಪವಾಗಿದೆ, ಧ್ವನಿಯ ಅಬ್ಬರ ಏರಿದೆ ಎಂಬ ಮೂರು ಸಂಗತಿಗಳನ್ನು ಅವರು ಕಂಡರು. 2024ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 1950ರಿಂದ 2023ರವರೆಗೆ ಅಮೆರಿಕದಲ್ಲಿ ಪ್ರತಿವರ್ಷ ಅಗ್ರಸ್ಥಾನ ಪಡೆದ ಹಾಡುಗಳ ಮಟ್ಟುಗಳನ್ನು ಅಭ್ಯಾಸ ಮಾಡಿದರು. ಮಟ್ಟುಗಳು ಮೊದಲಿಗಿಂತ ಸರಳವಾಗಿವೆಯೆಂದೂ, 1975 ಮತ್ತು 2000ದ ಸುಮಾರಿನಲ್ಲಿ ಈ ಬದಲಾವಣೆ ಎದ್ದುಕಾಣುವಂತಿದೆಯೆಂದೂ ಅವರು ತಿಳಿಸಿದರು. ಹಾಗಾಗಿ “ಮೊದಲಿನಂತೆ ಮಟ್ಟುಗಳಿಲ್ಲ” ಎಂಬ ಅಜ್ಜನ ಮಾತು ಬರಿಯ ಮುನಿಸಿನ ಮಾತಲ್ಲ.

ಆದರೆ ಇದೇ ಅಳತೆಗೋಲು ಬೇರೆ ಸಂಗತಿಗಳನ್ನೂ ಹೇಳುತ್ತದೆ. 2015ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ 1960ರಿಂದ 2010ರವರೆಗೆ ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ ಕಾಣಿಸಿಕೊಂಡ ಸುಮಾರು 17,000 ಹಾಡುಗಳನ್ನು ಪರೀಕ್ಷಿಸಲಾಯಿತು. ಅದರಲ್ಲಿ ವೈವಿಧ್ಯದ ನಿರಂತರವಾದ ಇಳಿತ ಕಂಡುಬರಲಿಲ್ಲ. 1980ರ ದಶಕದ ನಡುವೆ ವೈವಿಧ್ಯ ತಗ್ಗಿ, ಅನಂತರ ಮತ್ತೆ ಚೇತರಿಸಿಕೊಂಡಿತ್ತು. ಸಂಗೀತವು ಒಂದೇ ಇಳಿಜಾರಿನಲ್ಲಿ ಸಾಗದೆ 1964, 1983 ಮತ್ತು 1991ರ ಸುಮಾರಿನಲ್ಲಿ ಮೂರು ಬಾರಿ ಥಟ್ಟನೆ ಹೊರಳಿದ್ದಿತು. ಇವುಗಳಲ್ಲಿ ಕೊನೆಯದು, ಹಾಡುವುದಕ್ಕಿಂತ ಹೆಚ್ಚಾಗಿ ಲಯಬದ್ಧವಾಗಿ ನುಡಿಯುವ ರ‍್ಯಾಪ್ ಸಂಗೀತ ಮೇಲೆದ್ದ ಕಾಲ.

ಅಳತೆಯ ಮಿತಿಯನ್ನೂ ಇಲ್ಲಿ ಅರಿಯಬೇಕು. ಯಂತ್ರವು ಸಂಕೀರ್ಣತೆಯನ್ನು ಅಳೆಯಬಲ್ಲುದೇ ಹೊರತು ಸೊಗಸನ್ನು ಅಳೆಯಲಾರದು. ತಾಯಿಯು ತೊಟ್ಟಿಲು ತೂಗುತ್ತ ಹಾಡುವ ಜೋಗುಳದಲ್ಲಿ ಇರುವುದು ಕೆಲವೇ ಸ್ವರಗಳು. ಬೀಸುವ ಕಲ್ಲಿನ ಮುಂದೆ ಹಾಡುವ ಪದದಲ್ಲಿ ಒಂದೇ ಮಟ್ಟು ಮತ್ತೆ ಮತ್ತೆ ಸುತ್ತಿ ಬರುತ್ತದೆ. ಅಷ್ಟರಿಂದ ಅವನ್ನು ಕೀಳೆಂದು ಯಾರೂ ಎಣಿಸುವುದಿಲ್ಲ. ರ‍್ಯಾಪ್ ಹಾಡಿನಲ್ಲಿ ರಾಗವನ್ನು ಹುಡುಕಿ ನಿರಾಶನಾಗುವವನು, ಲಾವಣಿಕಾರನ ಡಪ್ಪಿನ ಬಡಿತಕ್ಕೆ ನುಡಿ ಹೊಂದುವ ಬಗೆಯನ್ನು ಕಿವಿಗೊಟ್ಟು ಕೇಳಿದ್ದರೆ, ಇಲ್ಲಿಯೂ ಲಯ ಮತ್ತು ಮಾತುಗಳ ಹೆಣಿಗೆಯನ್ನು ಗುರುತಿಸಬಲ್ಲನು. ಒಂದೆಡೆ ಕುಗ್ಗಿದುದು ಮತ್ತೊಂದೆಡೆ ಹಿಗ್ಗಿರಬಹುದು. 2016ರಲ್ಲಿ ಹಾಡುಗಾರ ಬಾಬ್ ಡಿಲನ್ ಅವರಿಗೆ ಸಾಹಿತ್ಯದ ನೊಬೆಲ್ ಪ್ರಶಸ್ತಿಯೂ, 2018ರಲ್ಲಿ ರ‍್ಯಾಪ್ ಕಲಾವಿದ ಕೆಂಡ್ರಿಕ್ ಲಾಮಾರ್ ಅವರಿಗೆ ಸಂಗೀತದ ಪುಲಿಟ್ಜರ್ ಪ್ರಶಸ್ತಿಯೂ ಸಂದವು. ಜನಪ್ರಿಯ ಹಾಡಿನಲ್ಲಿ ಗಂಭೀರವಾದ ಕಲೆಗೆ ಎಡೆಯಿದೆಯೆಂಬುದನ್ನು ಈ ಮನ್ನಣೆಗಳು ತೋರಿಸುತ್ತವೆ.

ಹಾಡಿನ ರೂಪ ಬದಲಾಗುವುದೇಕೆ? ಅದಕ್ಕೆ ಕಲಾವಿದನ ಯೋಗ್ಯತೆಗಿಂತ ಅವನ ಕೈಗೆ ಸಿಕ್ಕ ಯಂತ್ರ ಹೆಚ್ಚು ಕಾರಣ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರು ಗ್ರಾಮಫೋನ್ ಕಂಪನಿಗಾಗಿ ಹಾಡಿದರು. ಆಗಿನ ತಟ್ಟೆಯಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷಗಳ ಸಂಗೀತ ಮಾತ್ರ. ಗಂಟೆಗಟ್ಟಲೆ ವಿಸ್ತರಿಸುವ ರಾಗವನ್ನು ಅಷ್ಟರಲ್ಲಿ ಅಡಕಮಾಡುವ ಕೌಶಲವನ್ನು ಅವರು ಸಾಧಿಸಿದರು. ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನೂ ಇಂಗ್ಲಿಷಿನಲ್ಲಿ ಘೋಷಿಸುತ್ತಿದ್ದರು. ಮುಂದೆ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಗೆ ಮೈಸೂರಿನಲ್ಲಿ ಆಸ್ಥಾನದ ಆಶ್ರಯವಿತ್ತರು. 1930ರಲ್ಲಿ ಅವರು ಅದೇ ನಗರದಲ್ಲಿ ಕಾಲವಾದರು. ಜನಪ್ರಿಯ ಹಾಡು ಇಂದಿಗೂ ಮೂರು ನಾಲ್ಕು ನಿಮಿಷಗಳ ಆಸುಪಾಸಿನಲ್ಲಿ ಮುಗಿಯುವ ವಾಡಿಕೆ ಆ ಹಳೆಯ ತಟ್ಟೆಯ ಬಳುವಳಿ.

1925ರಲ್ಲಿ ಧ್ವನಿಮುದ್ರಣಕ್ಕೆ ಮೈಕ್ರೊಫೋನ್ ಬಂದಿತು. ಕಹಳೆಯಂಥ ಕೊಳವೆಯೊಳಕ್ಕೆ ಗಟ್ಟಿಯಾಗಿ ಹಾಡಬೇಕಾದ ಅಗತ್ಯ ತಪ್ಪಿ, ಪಿಸುಮಾತಿನಂಥ ದನಿಗೂ ಬೆಲೆ ಬಂದಿತು. 1948ರಲ್ಲಿ ಬಂದ ದೀರ್ಘಾವಧಿಯ ತಟ್ಟೆ ಹಲವು ಹಾಡುಗಳನ್ನು ಒಂದೇ ಕೃತಿಯಂತೆ ಹೆಣೆಯಲು ಅವಕಾಶವಿತ್ತಿತು. ಅಗ್ಗದ ಧ್ವನಿಸುರುಳಿ ಬಂದಾಗ ದೊಡ್ಡ ಕಂಪನಿಗಳ ಹಿಡಿತ ಸಡಿಲವಾಯಿತು. ಕನ್ನಡದಲ್ಲಿ ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರಂಥವರು ರಾಗ ಹಾಕಿದ ಭಾವಗೀತೆಗಳು ಹಳ್ಳಿಯ ಮನೆಗಳನ್ನೂ ಮುಟ್ಟಿದುದು ಈ ಸುರುಳಿಗಳ ಮೂಲಕವೇ. 1997ರಲ್ಲಿ ಬಂದ ‘ಆಟೋ-ಟ್ಯೂನ್’ ಎಂಬ ಸಾಧನ ತಪ್ಪಿದ ಶ್ರುತಿಯನ್ನು ತಾನೇ ತಿದ್ದತೊಡಗಿತು. ಇದರಿಂದ ಅಪಶ್ರುತಿ ಇಲ್ಲದಾಯಿತು. ಜೊತೆಗೆ ಒಬ್ಬ ಗಾಯಕನ ದನಿಯನ್ನು ಮತ್ತೊಬ್ಬನ ದನಿಯಿಂದ ಬೇರ್ಪಡಿಸುತ್ತಿದ್ದ ಸಣ್ಣ ಸಣ್ಣ ಏರಿಳಿತಗಳೂ ಎಷ್ಟೋ ಹಾಡುಗಳಲ್ಲಿ ಅಳಿಸಿಹೋದವು.

ಇಂದು ಬಹುತೇಕ ಹಾಡುಗಳು ಅಂತರಜಾಲದ ಮೂಲಕ ಕಿವಿಗೆ ತಲುಪುತ್ತವೆ. ‘ಸ್ಪಾಟಿಫೈ’ ಎಂಬ ಸೇವೆಯಲ್ಲಿ ಕೇಳುಗನು ಕನಿಷ್ಠ 30 ಸೆಕೆಂಡು ಆಲಿಸಿದರೆ ಮಾತ್ರ ಒಂದು ಆಲಿಕೆಯೆಂದು ಲೆಕ್ಕ. ಬೇಸರವಾದರೆ ಬೆರಳ ತುದಿಯಿಂದ ಮುಂದಿನ ಹಾಡಿಗೆ ಹಾರಬಹುದು. ಅಮೆರಿಕದಲ್ಲಿ 1986ರಿಂದ 2015ರವರೆಗೆ ಮೊದಲ ಹತ್ತು ಸ್ಥಾನಗಳನ್ನು ಪಡೆದ ಹಾಡುಗಳನ್ನು ಪರಿಶೀಲಿಸಿದ ಅಧ್ಯಯನವೊಂದು, ಹಾಡಿಗೆ ಮುನ್ನ ಬರುವ ವಾದ್ಯಸಂಗೀತದ ಅವಧಿ 20 ಸೆಕೆಂಡಿಗೂ ಹೆಚ್ಚಾಗಿದ್ದುದು ಸುಮಾರು 5 ಸೆಕೆಂಡಿಗೆ ಇಳಿದಿದೆಯೆಂದು 2017ರಲ್ಲಿ ತೋರಿಸಿತು. ಕೇಳುಗನ ತಾಳ್ಮೆ ಕಡಿಮೆಯಾದಂತೆ ಹಾಡು ಅವಸರಪಡುತ್ತದೆ. ಹೀಗಾಗಿ ಸಂಗೀತದ ಗುಣಮಟ್ಟದ ಹೊಣೆ ಹಾಡುವವನ ಮೇಲೆ ಮಾತ್ರವಲ್ಲ, ಕೇಳುವವನ ಮೇಲೂ ಇದೆ.

ಈ ವಿಚಾರಗಳಿಂದ ಕೆಲವು ಮಾತುಗಳು ಸ್ಪಷ್ಟವಾಗುತ್ತವೆ. ಜನಪ್ರಿಯ ಹಾಡುಗಳಲ್ಲಿ ಮಟ್ಟಿನ ಸೂಕ್ಷ್ಮತೆ ಬಹುಮಟ್ಟಿಗೆ ಕುಗ್ಗಿರುವುದು ನಿಜ. ಲಯದ, ನುಡಿಯ, ನಾದವಿನ್ಯಾಸದ ಹೊಸ ದಾರಿಗಳು ತೆರೆದಿರುವುದೂ ಅಷ್ಟೇ ನಿಜ. ಒಟ್ಟಾರೆಯಾಗಿ ಸಂಗೀತವೇ ಕೆಟ್ಟಿತೆಂದು ಹೇಳಲು ಆಧಾರ ಸಾಲದು. ಹಳೆಯ ಹಾಡನ್ನು ಹೊಸ ಹಾಡಿನೊಡನೆ ತೂಗಬೇಕಾದರೆ ಉತ್ತಮವಾದುದನ್ನು ಉತ್ತಮವಾದುದರೊಡನೆ, ಸಾಮಾನ್ಯವಾದುದನ್ನು ಸಾಮಾನ್ಯವಾದುದರೊಡನೆ ತೂಗಬೇಕು. ಪ್ರತಿಯೊಂದು ಹಾಡನ್ನೂ ಅದು ಏನನ್ನು ಸಾಧಿಸಹೊರಟಿದೆಯೋ ಆ ಗುರಿಯಿಂದ ಅಳೆಯಬೇಕು.

ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ ನಾಟಕದ ಆರಂಭದಲ್ಲಿ ಇದೇ ಪ್ರಶ್ನೆ ಏಳುತ್ತದೆ. ಭಾಸ, ಸೌಮಿಲ್ಲ, ಕವಿಪುತ್ರ ಮೊದಲಾದ ಪ್ರಸಿದ್ಧರ ಕೃತಿಗಳಿರುವಾಗ ಹೊಸಬನಾದ ಕಾಳಿದಾಸನ ನಾಟಕವನ್ನೇಕೆ ಆಡಬೇಕೆಂದು ಜೊತೆಗಾರನು ಕೇಳುತ್ತಾನೆ. ಕೃತಿಯ ವಯಸ್ಸು ಅದರ ಯೋಗ್ಯತೆಗೆ ಪ್ರಮಾಣವಲ್ಲವೆಂದೂ, ವಿವೇಕಿಯಾದವನು ತಾನೇ ಪರೀಕ್ಷಿಸಿ ನೋಡುವನೆಂದೂ ಸೂತ್ರಧಾರನು ಉತ್ತರಿಸುತ್ತಾನೆ. ಅಂದು ಹೆಸರಾಗಿದ್ದ ಸೌಮಿಲ್ಲ, ಕವಿಪುತ್ರರ ನಾಟಕಗಳು ಇಂದು ಉಳಿದಿಲ್ಲ. ಹೊಸಬನ ನಾಟಕ ಉಳಿದಿದೆ. ಅಜ್ಜನು ಮೊಮ್ಮಗಳ ಒಂದು ಹಾಡನ್ನು ಕೊನೆಯವರೆಗೆ ಕೇಳಲಿ. ಮೊಮ್ಮಗಳು ಅಜ್ಜನ ಒಂದು ಹಾಡನ್ನು ನಡುವೆ ನಿಲ್ಲಿಸದೆ ಕೇಳಲಿ. ತೀರ್ಪನ್ನು ಅನಂತರ ಹೇಳಬಹುದು.